ಕಹ್ವಾ, ಕಾಫಿ, ಚಹಾ

ಕಲಬುರಗಿಯ ಮನೆಯೊಂದಕ್ಕೆ ಮೈಸೂರು ಕಡೆಯ ನೆಂಟರು ಬಂದರೆ, ಕಾಲಿಗೆ ನೀರು ಕೊಟ್ಟ ಬಳಿಕ ಮುಂದೆ ಬರುವುದು ಚಹಾದ ಬಟ್ಟಲು. ನೆಂಟರು ಅದನ್ನು ಮರ್ಯಾದೆಗಾಗಿ ಕುಡಿಯುವರು. ಮನಸ್ಸು ಕಾಫಿಯನ್ನು ಬಯಸುತ್ತಿರುವುದು ಮುಖದಲ್ಲಿ ಕಾಣದೆ ಇರದು. ಮೈಸೂರು, ಹಾಸನಗಳಿಗೆ ಹೋದ ಕಲಬುರಗಿಯವರ ಪಾಡೂ ಅಷ್ಟೆ. ಒಂದೇ ನುಡಿಯನ್ನಾಡುವ ಜನರಲ್ಲಿ ಈ ಭೇದವೇಕೆ ಹುಟ್ಟಿತೆಂಬುದು ಅಡಿಗೆಮನೆಯ ಪ್ರಶ್ನೆಯಂತೆ ತೋರಿದರೂ ಇತಿಹಾಸದ ಪ್ರಶ್ನೆಯೇ ಸರಿ. ಇದರಲ್ಲೊಂದು ವೈಚಿತ್ರ್ಯವೂ ಉಂಟು. ಕಾಫಿಯನ್ನು ಪಾನೀಯವಾಗಿ ರೂಢಿಗೆ ತಂದವರು ಯೆಮನ್ ದೇಶದ ಸೂಫಿಗಳು. ಕನ್ನಡ ನಾಡಿಗೆ ಅದರ ಬೀಜವನ್ನು ತಂದವರೂ ಸೂಫಿಯೆಂದೇ ಪ್ರತೀತಿ. ದಖ್ಖನಿನ ಸೂಫಿಗಳಿಗೆ ದೊಡ್ಡ ನೆಲೆಯಾದ ಕಲಬುರಗಿಯಲ್ಲಿ ಮಾತ್ರ ಜನರು ಕುಡಿಯುವುದು ಚಹಾ.

ಕಹ್ವಾ ಎಂಬ ಅರಬೀ ಶಬ್ದವು ಮೊದಲು ಮದ್ಯಕ್ಕಿದ್ದ ಹೆಸರು. ಅನಂತರ ಅದು ಈ ಕಷಾಯಕ್ಕೆ ಸಂದಿತು. ತುರ್ಕರ ಬಾಯಿಯಲ್ಲಿ ಕಹ್ವೆಯಾಗಿ, ಯೂರೋಪಿನವರ ಬಾಯಿಯಲ್ಲಿ ತಿರುಗಿ ಕಾಫಿಯಾಗಿ ನಮ್ಮಲ್ಲಿಗೆ ಬಂದಿತು. ರುಚಿಯ ಸಾಮ್ಯವನ್ನು ಕಂಡು ಇದನ್ನು ನಮ್ಮ 'ಕಹಿ' ಶಬ್ದಕ್ಕೆ ಗಂಟುಹಾಕಲು ಹೊರಡುವವರು ಉಂಟು. ಅಂತಹ ವ್ಯುತ್ಪತ್ತಿಯು ವಿನೋದಕ್ಕೆ ಸಾಕು, ಶಾಸ್ತ್ರಕ್ಕೆ ಸಾಲದು. ಚರಕ ಸುಶ್ರುತರು ಈ ಎರಡು ಪಾನೀಯಗಳಲ್ಲಿ ಯಾವುದನ್ನೂ ಅರಿತವರಲ್ಲ. ಪಂಡಿತರು ಸಂಸ್ಕೃತ ನಾಮವನ್ನು ಕಲ್ಪಿಸಿಕೊಟ್ಟಮಾತ್ರಕ್ಕೆ ಕಾಫಿಯು ಪ್ರಾಚೀನವಾಗಲಾರದು.

ರಾತ್ರಿಯ ಧ್ಯಾನದಲ್ಲಿ ನಿದ್ರೆಯನ್ನು ಗೆಲ್ಲುವುದಕ್ಕಾಗಿ ಯೆಮನಿನ ಸೂಫಿಗಳು ಇದನ್ನು ಸೇವಿಸುತ್ತಿದ್ದುದಕ್ಕೆ ಆಧಾರಗಳು ದೊರೆಯುವುದು ಹದಿನೈದನೆಯ ಶತಮಾನದ ಮಧ್ಯಭಾಗದಿಂದ. 1511ರಲ್ಲಿ ಮೆಕ್ಕಾ ನಗರದ ಅಧಿಕಾರಿ ಖೈರ್ ಬೇಗನು ಇದನ್ನು ನಿಷೇಧಿಸಿದನು. ಕೈರೋವಿನ ಸುಲ್ತಾನನು ಆ ನಿಷೇಧವನ್ನು ಎತ್ತಿಹಾಕಿದನು. ಬಂದೇನವಾಜರೆಂದು ಪ್ರಸಿದ್ಧರಾದ ಗೇಸೂದರಾಜರಾದರೋ ಬಹಮನಿ ಸುಲ್ತಾನ ಫಿರೋಜಶಹನ ಕಾಲದಲ್ಲಿ ಕಲಬುರಗಿಗೆ ಬಂದು 1422ರಲ್ಲಿ ಕಾಲವಾದವರು. ಆದುದರಿಂದ ಅವರ ಮಠದಲ್ಲಿ ಕಹ್ವಾ ಕುದಿಯುತ್ತಿದ್ದಿತೆಂದು ಕಲ್ಪಿಸಲು ಅವಕಾಶವಿಲ್ಲ. ಸೂಫಿಗಳೆಲ್ಲರೂ ಕಾಫಿ ಕುಡಿದವರಲ್ಲ. ಕಾಲವನ್ನು ನೋಡದೆ ಮತವನ್ನು ಮಾತ್ರ ನೋಡಿದರೆ ಇಂತಹ ತಪ್ಪು ಆಗುವುದು.

ಹದಿನೇಳನೆಯ ಶತಮಾನದಲ್ಲಿ ಬಾಬಾ ಬುಡನ್ ಅವರು ಯೆಮನಿನಿಂದ ಏಳು ಬೀಜಗಳನ್ನು ತಂದು ಚಿಕ್ಕಮಗಳೂರಿನ ಗಿರಿಯಲ್ಲಿ ಬಿತ್ತಿದರೆಂಬ ಐತಿಹ್ಯವು ಎಲ್ಲರಿಗೂ ತಿಳಿದದ್ದೇ. ಗಿಡವು ಮಲೆನಾಡಿನಲ್ಲಿ ಬೇರೂರಿತು. ಹತ್ತೊಂಬತ್ತನೆಯ ಶತಮಾನದಲ್ಲಿ ದೊರೆಗಳ ತೋಟಗಳು ಹಬ್ಬಿದವು. ಮೈಸೂರಿನ ಮನೆಗಳಿಗೆ ಪುಡಿಯು ಸಮೀಪದಿಂದಲೇ ಬಂದಿತು. ಕಲಬುರಗಿಯ ಸಂಬಂಧಗಳು ಬೇರೆ ದಿಕ್ಕಿನವು. 1948ರ ಸೆಪ್ಟೆಂಬರಿನವರೆಗೆ ಅದು ನಿಜಾಮನ ರಾಜ್ಯದ್ದು. ಮುಂಬಯಿಯಿಂದ ಸೊಲ್ಲಾಪುರ, ಕಲಬುರಗಿಗಳ ಮೇಲೆ ಬಂದ ರೈಲು 1871ರಲ್ಲಿ ರಾಯಚೂರಿನಲ್ಲಿ ಮದರಾಸಿನ ರೈಲನ್ನು ಕೂಡಿತು; 1874ರಲ್ಲಿ ವಾಡಿಯಿಂದ ಹೈದರಾಬಾದಿನ ಕಡೆಗೆ ಹಳಿ ಹಾಸಿದರು. ಮುಂಬಯಿ, ಹೈದರಾಬಾದು ಇವೆರಡೂ ಇರಾನಿಗಳ ಚಹಾದಂಗಡಿಗಳಿಗೆ ಹೆಸರಾದ ನಗರಗಳು. ಅಸ್ಸಾಮಿನ ತೋಟಗಾರರೂ ಸುಮ್ಮನಿರಲಿಲ್ಲ. 1903ರ ಕಾಯಿದೆಯಿಂದ ಚಹಾದ ಮೇಲೆ ಸುಂಕವೆತ್ತಿ, ಆ ಹಣದಿಂದ ಪ್ರಚಾರ ನಡೆಯಿಸಿ, ರೈಲು ನಿಲ್ದಾಣಗಳಲ್ಲಿಯೂ ಚಹಾದ ರುಚಿ ಹತ್ತಿಸಿದರು. ಹೆಸರಿನಲ್ಲಿಯೂ ಈ ದಾರಿಗಳ ಗುರುತು ಉಳಿದಿದೆ: ಮೈಸೂರಿನವರು ಆಂಗ್ಲರಂತೆ 'ಟೀ' ಎನ್ನುವರು, ಕಲಬುರಗಿಯವರದು ಮರಾಠಿಯವರಂತೆ 'ಚಹಾ', ದಖನಿ ಆಡುವವರದು 'ಚಾಯ್'.

ಇಂತಹ ಮಾರ್ಪಾಟು ಕಲಬುರಗಿಗೆ ಮಾತ್ರ ಸಂಭವಿಸಿದ್ದಲ್ಲ. ಸಫವಿ ದೊರೆಗಳ ಕಾಲದಲ್ಲಿ ಇರಾನಿನವರು ಕಾಫಿ ಕುಡಿಯುತ್ತಿದ್ದರು. ಹತ್ತೊಂಬತ್ತನೆಯ ಶತಮಾನದಲ್ಲಿ ಚಹಾಕ್ಕೆ ತಿರುಗಿದರು. ಅಲ್ಲಿಯ ಅಂಗಡಿಗೆ ಇಂದಿಗೂ 'ಕಹ್ವೆಖಾನೆ' ಎಂದೇ ಹೆಸರು. ಒಳಗೆ ಕೊಡುವುದು ಚಹಾ! ಮೊದಲನೆಯ ಮಹಾಯುದ್ಧದಲ್ಲಿ ತುರ್ಕರ ಕೈಯಿಂದ ಯೆಮನ್ ತಪ್ಪಿಹೋಯಿತು. ಮುಂದೆ ಹೊರನಾಡಿನ ಕಾಫಿಗೆ ಹಣ ತೆರುವುದಕ್ಕಿಂತ ಕಪ್ಪು ಸಮುದ್ರದ ತೀರದ ರಿಜೆ ಪ್ರಾಂತದಲ್ಲಿ ಚಹಾ ಬೆಳೆಯುವುದೇ ಮೇಲೆಂದು ಅವರ ಸರಕಾರ ಬಗೆಯಿತು. ನಾಲಗೆಯ ರುಚಿಯೆಂದು ನಾವು ಹೇಳುವುದರಲ್ಲಿ ಸಂಸ್ಥಾನದ ಗಡಿ, ಸುಂಕದ ಕಟ್ಟೆ, ರೈಲಿನ ಹಳಿ ಇವುಗಳ ಪಾಲು ಎಷ್ಟೆಂಬುದನ್ನು ಇದರಿಂದ ಊಹಿಸಬಹುದು.

1956ರ ನವೆಂಬರಿನಲ್ಲಿ ಕಲಬುರಗಿಯು ಮೈಸೂರು ರಾಜ್ಯಕ್ಕೆ ಸೇರಿದಾಗ, ಎರಡು ಆಡಳಿತಗಳ ಜೊತೆಗೆ ಎರಡು ಪಾನೀಯಗಳೂ ಎದುರುಬದುರಾದವು. ವರ್ಗವಾಗಿ ಬಂದ ದಕ್ಷಿಣದ ನೌಕರರು ಪುಡಿಯನ್ನೂ ಸೋಸುವ ಪಾತ್ರೆಯನ್ನೂ ಗಂಟಿನಲ್ಲಿ ಕಟ್ಟಿಕೊಂಡು ಬರುವುದು ಸಹಜವೇ. ಆದರೆ ಕೊಟ್ಟ ಬಟ್ಟಲನ್ನು ಹಿಂದಿರುಗಿಸುವುದು ಬೇರೆ ಮಾತು. ಹುಮನಾಬಾದಿನ ದಾರಿಯ ಮೇಲಿರುವ ಕಮಲಾಪುರದಂತಹ ಊರಿನಲ್ಲಿ ಚಹಾ ಒಲ್ಲೆನೆಂದ ಅತಿಥಿಯು ಚಹಾವನ್ನಲ್ಲ, ಮನೆಯನ್ನೇ ಒಲ್ಲೆನೆಂದಂತೆ ಯಜಮಾನನಿಗೆ ತೋರುವುದು. ಅತಿಥಿಯ ಮನಸ್ಸಿನಲ್ಲಿ ಅಂತಹ ಭಾವವೇ ಇರದು. ಸ್ವಾರಸ್ಯವೆಂದರೆ ಆ ಸೀಮೆಯಲ್ಲಿ ಕಾಫಿಯೂ ಬೆಳೆಯದು, ಚಹಾವೂ ಬೆಳೆಯದು. ಕಮಲಾಪುರಕ್ಕೆ ಕೀರ್ತಿ ತಂದದ್ದು ಕೆಂಪು ಬಾಳೆ. ಸುತ್ತಲಿನದು ಜೋಳ, ತೊಗರಿಗಳ ನೆಲ. ಯಾವ ಪಾನೀಯಕ್ಕಾಗಿ ಮನಸ್ತಾಪವೋ ಅದೇ ಅಲ್ಲಿ ಪರದೇಶದ ಅತಿಥಿ.

ಪರದೇಶದಲ್ಲಿ ನೆಲಸಿದವರಿಗೆ ಇಂತಹ ಭೇದಗಳು ಇನ್ನೂ ಸ್ಪಷ್ಟವಾಗಿ ಕಾಣುವುವು. ವಿಯೆನ್ನಾ ನಗರದಲ್ಲಿ ಕಾಫಿಯ ಜೊತೆಗೆ ಒಂದು ಲೋಟ ನೀರಿಡುವರು. ಗಂಟೆಗಟ್ಟಲೆ ಕುಳಿತು ವೃತ್ತಪತ್ರಿಕೆ ಓದಿದರೂ ಏಳೆನ್ನುವವರಿಲ್ಲ. ಇಟಲಿಯವರು ನಿಂತಲ್ಲಿಯೇ ಎರಡು ಗುಟುಕಿನಲ್ಲಿ ಮುಗಿಸುವರು. ಉದ್ಯೋಗಾರ್ಥವಾಗಿ ಅರಬರ ನಾಡಿಗೆ ಹೋದ ಕಲಬುರಗಿಯವರಿಗೆ ಎದುರಾಗುವುದಾದರೋ ಮೂಲದ ಕಹ್ವಾ. ಬೀಜವನ್ನು ಹದವಾಗಿ ಹುರಿದು, ಏಲಕ್ಕಿ ಸೇರಿಸಿ ಕುದಿಸಿದ ತಿಳಿಯಾದ ನೀರು, ಹಾಲಿಲ್ಲ, ಸಕ್ಕರೆಯಿಲ್ಲ, ಸಿಹಿಗಾಗಿ ಪಕ್ಕದಲ್ಲಿ ಖರ್ಜೂರ. ಬಡಿಸುವವನು ಎಡಗೈಯಲ್ಲಿ ಕೊಕ್ಕಿನ ಪಾತ್ರೆಯನ್ನೂ ಬಲಗೈಯಲ್ಲಿ ಹಿಡಿಯಿಲ್ಲದ ಪುಟ್ಟ ಬಟ್ಟಲನ್ನೂ ಹಿಡಿದಿರುವನು. ಬಟ್ಟಲು ಬರಿದಾದೊಡನೆ ಮತ್ತೆ ತುಂಬುವನು. ಮಾತಿನಿಂದ ಬೇಡವೆನ್ನಬೇಕಾಗಿಲ್ಲ; ಬಟ್ಟಲನ್ನು ಮೆಲ್ಲಗೆ ಅಲುಗಾಡಿಸಿದರೆ ಸಾಕೆಂದು ಅರ್ಥ, ಯಾರಿಗೂ ನೋವಿಲ್ಲ. ಈ ಸಂಜ್ಞೆಯನ್ನರಿಯದ ಹೊಸಬನು ಸಂಕೋಚದಿಂದ ಕುಡಿಯುತ್ತಲೇ ಇರುವನು.

ಅರಬರೂ ಇಲ್ಲಿಯವರಿಂದ ಒಂದನ್ನು ಪಡೆದುಕೊಂಡಿದ್ದಾರೆ. ದುಬೈ, ದೋಹಾಗಳ ಬೀದಿಗಳಲ್ಲಿ ಹಾಲು ಸಕ್ಕರೆ ಹಾಕಿ ಚೆನ್ನಾಗಿ ಕುದಿಸಿದ ಚಹಾವನ್ನು ಮಾರುವರು. ಹಿಂದೂಸ್ಥಾನದಿಂದ ಹೋದವರು ಬಳಕೆಗೆ ತಂದದ್ದು. ಅರಬರು ಅದನ್ನು 'ಕರಕ್' ಎನ್ನುವರು. ಅದು ಕಲಬುರಗಿಯ ಅಂಗಡಿಯಲ್ಲಿ ದಿನವೂ ಕೇಳಿಬರುವ 'ಖಡಕ್' ಶಬ್ದವೇ.