ಮೊಬೈಲ್ ಇಮೇಲ್ ಸಿಂಕ್ ಮತ್ತು ಫೈರ್‌ವಾಲ್ ಬದಲಾವಣೆ

ಮೊಬೈಲ್ ಇಮೇಲ್ ಸಿಂಕ್ ಎಂಬುದು ಸರ್ವರ್‌ನಲ್ಲಿರುವ ಅಂಚೆಪೆಟ್ಟಿಗೆಯನ್ನೂ ಫೋನಿನಲ್ಲಿರುವ ಅದರ ಪ್ರತಿಯನ್ನೂ ಸಮನಾಗಿಡುವ ಕ್ರಿಯೆ. ಸಂಸ್ಥೆಯ ಜಾಲವನ್ನು ಕಾಯುವ ಫೈರ್‌ವಾಲನ್ನು ಬದಲಿಸುವಾಗ ಹಳೆಯ ಅನುಮತಿ ನಿಯಮಗಳು ಬಿಟ್ಟುಹೋದರೆ ಈ ಕ್ರಿಯೆ ನಿಲ್ಲುತ್ತದೆ.

ಕಾರಣಗಳು

ಸಾಮಾನ್ಯವಾಗಿ ಎಕ್ಸ್‌ಚೇಂಜ್ ಆಕ್ಟಿವ್‌ಸಿಂಕ್ 443ನೆಯ ಪೋರ್ಟನ್ನೂ, ಸುರಕ್ಷಿತ ಐಮ್ಯಾಪ್ 993ನೆಯದನ್ನೂ, ಪತ್ರ ಕಳುಹಿಸುವ ಎಸ್‌ಎಂಟಿಪಿ 587 ಅಥವಾ 465ನೆಯದನ್ನೂ ಬಳಸುತ್ತವೆ. ಆಕ್ಟಿವ್‌ಸಿಂಕ್ ಹೊಸ ಪತ್ರಕ್ಕಾಗಿ ಒಂದೇ ಸಂಪರ್ಕವನ್ನು ಹಲವು ನಿಮಿಷ ತೆರೆದಿಡುತ್ತದೆ. ಫೈರ್‌ವಾಲ್ ಅದನ್ನು ಬೇಗ ಕಡಿದರೆ ಪತ್ರಗಳು ತಡವಾಗಿ ತಲುಪುತ್ತವೆ.

ದೋಷಪತ್ತೆ

ಸರ್ವರ್ ಕಚೇರಿಯೊಳಗಿದ್ದು, ಕಚೇರಿಯ ವೈಫೈನಲ್ಲಿ ಮಾತ್ರ ಪತ್ರ ಬಂದರೆ ಒಳಬರುವ ಸಂಪರ್ಕದ ನಿಯಮವನ್ನು ಪರಿಶೀಲಿಸಬೇಕು. ಸರ್ವರ್ ಹೊರಗಿದ್ದು, ಮೊಬೈಲ್ ಡೇಟಾದಲ್ಲಿ ಮಾತ್ರ ಬಂದರೆ ಹೊರಹೋಗುವ ಸಂಪರ್ಕದ ನಿಯಮವನ್ನು ನೋಡಬೇಕು. ಎರಡೂ ಸಂದರ್ಭಗಳಲ್ಲಿ ಫೋನಿನ ಖಾತೆಯನ್ನು ಅಳಿಸುವುದು ಪರಿಹಾರವಲ್ಲ. ರವಾನೆಯಾಗದೆ ಫೋನಿನಲ್ಲೇ ಉಳಿದ ಪತ್ರಗಳು ಅದರಿಂದ ನಷ್ಟವಾಗಬಹುದು.