ಮುಳುಗಿದ ಕಾಡು, ಬಾಗುವ ಗಾಳ

ಇಲ್ಲಿ ಏನಾದರೂ ಬರೆದು ತಿಂಗಳುಗಳೇ ಆದವು. ಆಫೀಸು, ರಿಲೀಸು ಅಂತ ನೆಪ ಹೇಳಬಹುದು... ನಿಜ ಅಂದ್ರೆ ಸೋಮಾರಿತನ :)

ಆನ್‌ಸೈಟ್ ಅಂತ ಟೆನ್ನೆಸ್ಸಿಗೆ ಬಂದಿದ್ದೇನೆ. ಏಪ್ರಿಲ್‌ನ ಒಂದು ಶನಿವಾರ ನಮ್ಮ ಟೀಮಿನ ಹಿರಿಯರೊಬ್ಬರು ರೀಲ್‌ಫುಟ್ ಕೆರೆಗೆ ಕ್ರಾಪಿ ಮೀನು ಹಿಡಿಯೋಕೆ ಕರೆದುಕೊಂಡು ಹೋದರು. ಅಂಗೈಯಗಲದ, ಬೆಳ್ಳಿ ಮೈಮೇಲೆ ಕಪ್ಪು ಚುಕ್ಕಿಯ ಮೀನು. ಚಿಕ್ಕಂದಿನಲ್ಲಿ ಊರ ಹಳ್ಳದಲ್ಲಿ ಎರೆಹುಳ ಚುಚ್ಚಿ ಗಾಳ ಹಾಕಿದವನು ನಾನು, ಇದೇನು ಮಹಾ ಅಂದುಕೊಂಡೆ. ಮೊದಲ ಒಂದು ಗಂಟೆಯಲ್ಲಿ ಒಂದೂ ಮೀನಿಲ್ಲ, ಕಳೆದುಕೊಂಡ ಗಾಳ ಏಳು! ಏಳೂ ನೀರೊಳಗಿನ ಮರಕ್ಕೆ ಕಚ್ಚಿಕೊಂಡು ದಾರ ಸಮೇತ ಹೋದವು. ಹಿರಿಯರು ನಗುತ್ತಾ, "ನೀನು ಮೀನಿಗಲ್ಲ, ಕಾಡಿಗೆ ಗಾಳ ಹಾಕ್ತಿದೀಯ" ಅಂದರು.

ಅದು ಬರೀ ತಮಾಷೆಯಲ್ಲ. ಆ ನೀರಿನ ಕೆಳಗೆ ನಿಜಕ್ಕೂ ಒಂದು ಕಾಡಿದೆ. 1811ರ ಡಿಸೆಂಬರ್‌ನಿಂದ 1812ರ ಫೆಬ್ರವರಿವರೆಗೆ ಮಿಸಿಸಿಪಿ ನದಿಯ ಆಚೀಚೆ ನ್ಯೂ ಮ್ಯಾಡ್ರಿಡ್ ಸುತ್ತಮುತ್ತ ದೊಡ್ಡ ಭೂಕಂಪಗಳಾದವು. 1812ರ ಫೆಬ್ರವರಿ 7ರಂದು ಆದ ಭೂಕಂಪದಲ್ಲಿ ಮಿಸಿಸಿಪಿ ಸ್ವಲ್ಪ ಹೊತ್ತು ಹಿಂದಕ್ಕೆ ಹರಿಯಿತಂತೆ. ಒಂದು ಕಡೆ ನೆಲ ಎದ್ದು ರೀಲ್‌ಫುಟ್ ಹೊಳೆಗೆ ಅಡ್ಡಗಟ್ಟಿತು, ಪಕ್ಕದ ಕಾಡು ಕುಸಿದು ನೀರು ತುಂಬಿತು. ಅದೇ ಈ ಕೆರೆ. ಇವತ್ತಿಗೂ ಸರಾಸರಿ ಆಳ ಒಂದೂವರೆ ಮೀಟರ್ ಅಷ್ಟೇ. ಎಲ್ಲೆಲ್ಲೂ ಸೈಪ್ರೆಸ್ ಮರದ ಮೋಟುಗಳು. ಕ್ರಾಪಿಗೆ ಇದೇ ಬೇಕು. ನೆರಳಲ್ಲಿ ನಿಂತು, ಕೊಂಬೆಗಳ ಸಂದಿನಲ್ಲಿ ಓಡಾಡುವ ಸಣ್ಣ ಮೀನುಗಳನ್ನು ನುಂಗುತ್ತದೆ. ಅಂದರೆ ಮೀನು ಇರುವುದೂ ಗಾಳ ಸಿಕ್ಕಿಕೊಳ್ಳುವುದೂ ಒಂದೇ ಜಾಗದಲ್ಲಿ.

ಇಲ್ಲಿಯವರು ದೋಣಿಯನ್ನೇ ಈ ಮೋಟುಗಳಿಗೆ ತಕ್ಕಂತೆ ಮಾಡಿಕೊಂಡರು. ಸಾಮಾನ್ಯ ಹುಟ್ಟು ಹಾಕುವವನು ಹೋಗುವ ದಿಕ್ಕಿಗೆ ಬೆನ್ನು ಮಾಡಿ ಕೂರುತ್ತಾನೆ. ಇಲ್ಲಿ ಹಾಗೆ ಕೂತರೆ ಮುಂದಿರುವ ಮೋಟು ಕಾಣಬೇಕಲ್ಲ? ಹಾಗಾಗಿ ರೀಲ್‌ಫುಟ್ ದೋಣಿಯ ಹುಟ್ಟಿಗೆ ನಡುವೆ ಕೀಲು ಇರುತ್ತದೆ. ಮುಂದೆ ನೋಡುತ್ತಲೇ ಹುಟ್ಟು ಹಾಕಬಹುದು. ತಲೆಮಾರುಗಳಿಂದ ಈ ದೋಣಿ ಕಟ್ಟಿದ ಕುಟುಂಬದ ಡೇಲ್ ಕ್ಯಾಲ್ಹೂನ್ ಅವರಿಗೆ 1998ರಲ್ಲಿ ರಾಷ್ಟ್ರಮಟ್ಟದ ಹೆರಿಟೇಜ್ ಫೆಲೋಶಿಪ್ ಸಿಕ್ಕಿತು.

ಗಾಳದ ವಿಷಯಕ್ಕೆ ಬರ್ತೀನಿ. ಹಿರಿಯರು ನನ್ನ ದಾರ ಕತ್ತರಿಸಿ ಹೊಸದಾಗಿ ಕಟ್ಟಿಕೊಟ್ಟರು. ನಾನು ಸೀಸವನ್ನು ಮೇಲೆ, ಗಾಳವನ್ನು ಕೆಳಗೆ ಕಟ್ಟಿದ್ದೆ. ಅವರು ಉಲ್ಟಾ ಮಾಡಿದರು. ತುದಿಯಲ್ಲಿ ಗಂಟೆಯಾಕಾರದ ಸೀಸ, ಅದರ ಮೇಲೆ ಮೊಳದಂತರದಲ್ಲಿ ಎರಡು ಗಾಳ, ಒಂದೊಂದೂ ದಾರದಿಂದ ಗೇಣಿಗಿಂತ ಕಡಿಮೆ ಉದ್ದದ ಕವಲಿನಲ್ಲಿ. ಇದಕ್ಕೆ ಕೆಂಟಕಿ ರಿಗ್ ಅಂತ ಹೆಸರು. ದೂರಕ್ಕೆ ಎಸೆಯುವಂತಿಲ್ಲ. ದೋಣಿಯ ಪಕ್ಕದಲ್ಲೇ ನೇರ ಕೆಳಗೆ ಇಳಿಸಬೇಕು. ಮರ ಇದ್ದರೆ ಮೊದಲು ಸೀಸ 'ಟಕ್' ಅನ್ನುತ್ತದೆ, ಆಗ ಸ್ವಲ್ಪ ಎತ್ತಿದರೆ ಗಾಳ ಕೊಂಬೆಯ ಮೇಲೆ ತೂಗುತ್ತಿರುತ್ತದೆ. ಕುರುಡರ ಕೋಲಿನ ಹಾಗೆ!

ನನಗೆ ಇನ್ನೂ ಇಷ್ಟವಾದದ್ದು ಗಾಳದ ತಂತಿ. ಬೇಕಂತಲೇ ತೆಳ್ಳಗಿನದು, ದಾರವೇ ಅದಕ್ಕಿಂತ ಗಟ್ಟಿ. ಕೊಂಬೆಗೆ ಕಚ್ಚಿಕೊಂಡರೆ ಮೆಲ್ಲಗೆ ಎಳೆಯುತ್ತಾ ಹೋಗಬೇಕು. ದಾರ ಹರಿಯುವ ಮೊದಲೇ ಗಾಳ ನೆಟ್ಟಗಾಗಿ ಬಿಟ್ಟುಕೊಳ್ಳುತ್ತದೆ. ಇಕ್ಕಳದಿಂದ ಮತ್ತೆ ಬಗ್ಗಿಸಿದರೆ ಮುಗೀತು. ಯಾವುದು ಮೊದಲು ಸೋಲಬೇಕು ಅಂತ ಮೊದಲೇ ಗೊತ್ತುಮಾಡಿಟ್ಟ ವ್ಯವಸ್ಥೆ. ನಮ್ಮ ಸಾಫ್ಟ್‌ವೇರಿನಲ್ಲಿ ಇಷ್ಟು ಬುದ್ಧಿ ಇದ್ದಿದ್ದರೆ ರಾತ್ರಿ ಎರಡು ಗಂಟೆಯ ಫೋನುಗಳು ಅರ್ಧಕ್ಕರ್ಧ ಕಮ್ಮಿಯಾಗ್ತಿದ್ದವು. ಕ್ರಾಪಿಯ ಬಾಯಿಯೂ ಕಾಗದದಷ್ಟು ತೆಳು, ಜೋರಾಗಿ ಎಳೆದರೆ ಹರಿದು ಮೀನು ತಪ್ಪಿಸಿಕೊಳ್ಳುತ್ತದೆ.

ರಿಗ್ಗಿನ ಹೆಸರಿನಲ್ಲಿರುವ ಕೆಂಟಕಿಯ ಕಥೆ ಇನ್ನೊಂದು ಥರ. ಇಲ್ಲಿಂದ ಈಶಾನ್ಯಕ್ಕೆ ಕೆಂಟಕಿ ಅಣೆಕಟ್ಟು ಇದೆ, 1944ರಲ್ಲಿ ಮುಗಿದದ್ದು. ಹಿನ್ನೀರಿನ ಉದ್ದ ಸುಮಾರು 296 ಕಿಲೋಮೀಟರ್. ಬರ್ಮಿಂಗ್‌ಹ್ಯಾಮ್ ಅನ್ನುವ ಒಂದು ಊರೇ ಅದರಲ್ಲಿ ಮುಳುಗಿತು. (ನನ್ನಜ್ಜಿಯ ತವರೂ ಲಿಂಗನಮಕ್ಕಿ ನೀರಿನಡಿಯಲ್ಲಿದೆ. ಹಾಗಾಗಿ ಈ ಸಾಲು ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ.) ಆದರೆ ಶರಾವತಿಯಲ್ಲಿ ನಿಂತಿರುವಂಥ ಒಣಮರಗಳು ಅಲ್ಲಿ ಹೆಚ್ಚಿಲ್ಲ. ಮಲೇರಿಯಾ ಸೊಳ್ಳೆ ಬೆಳೆಯದಿರಲಿ ಅಂತ ನೀರು ನಿಲ್ಲಿಸುವ ಮೊದಲೇ ಮರ ಕಡಿಸಿದ್ದರು. ಆಮೇಲೆ ಮೀನು ಹಿಡಿಯುವವರೇ ಪೊದೆಗಳನ್ನು ಕಟ್ಟಿ ಮುಳುಗಿಸಿದರು, ತಳದಲ್ಲಿ ಗೂಟ ನೆಟ್ಟರು. ಸರ್ಕಾರ ಕಡಿಸಿದ ಕಾಡನ್ನು ಜನ ಒಂದೊಂದು ಕೊಂಬೆಯಾಗಿ ವಾಪಸ್ ಹಾಕಿದರು!

ರೀಲ್‌ಫುಟ್‌ನಲ್ಲಿ ಮೀನು ಅಂದರೆ ಅನ್ನದ ಪ್ರಶ್ನೆಯೂ ಆಗಿತ್ತು. ಭೂಕಂಪಕ್ಕೆ ಮೊದಲೇ ಈ ನೆಲಕ್ಕೆ ಹಕ್ಕುಪತ್ರಗಳಿದ್ದವು. ನೆಲ ಮುಳುಗಿದರೂ ಕಾಗದ ಮುಳುಗಲಿಲ್ಲ ನೋಡಿ. ಆ ಕಾಗದಗಳನ್ನು ಕೊಂಡ ವೆಸ್ಟ್ ಟೆನ್ನೆಸ್ಸಿ ಲ್ಯಾಂಡ್ ಕಂಪನಿ, ಕೆರೆಯೂ ಮೀನೂ ತನ್ನದು ಅಂದಿತು. 1908ರ ಅಕ್ಟೋಬರ್‌ನಲ್ಲಿ 'ನೈಟ್ ರೈಡರ್ಸ್' ಎಂಬ ಮುಖವಾಡದ ಗುಂಪು ಕಂಪನಿಯ ಇಬ್ಬರು ವಕೀಲರನ್ನು ವಾಲ್ನಟ್ ಲಾಗ್‌ನ ಹೋಟೆಲಿನಿಂದ ಎಳೆದೊಯ್ದಿತು. ಕ್ವೆಂಟಿನ್ ರ‍್ಯಾಂಕಿನ್ ಕೊಲೆಯಾದರು. ರಾಬರ್ಟ್ ಟೇಲರ್ ನೀರಿಗೆ ಹಾರಿ, ಗುಂಡುಗಳ ನಡುವೆ ಒಂದು ದಿಮ್ಮಿಯ ಮರೆಯಲ್ಲಿ ಅಡಗಿ ಬದುಕಿದರು. ಗವರ್ನರ್ ಸೈನ್ಯ ಕಳಿಸಿದ. ಆರು ಜನರಿಗೆ ಮರಣದಂಡನೆಯಾಗಿ, ಮೇಲಿನ ಕೋರ್ಟಿನಲ್ಲಿ ರದ್ದಾಯಿತು. ಕೊನೆಗೆ 1914ರಲ್ಲಿ ರಾಜ್ಯ ಸರ್ಕಾರ ಕೆರೆಯನ್ನು ವಶಕ್ಕೆ ತಗೊಂಡಿತು.

ಬಡವರ ದಂಗೆ ಅಂತ ಇದನ್ನು ಕೊಂಡಾಡುವವರಿದ್ದಾರೆ. ನನಗೆ ಆಗಲ್ಲ. ಅದೇ ಅಕ್ಟೋಬರ್‌ನಲ್ಲಿ, ಹತ್ತಿರದ ಹಿಕ್‌ಮನ್ ಬಳಿ ಇಂಥದೇ ಗುಂಪು ಡೇವಿಡ್ ವಾಕರ್ ಎಂಬ ಕರಿಯ ರೈತನ ಮನೆಗೆ ಬೆಂಕಿಯಿಟ್ಟು, ಅವನನ್ನೂ ಹೆಂಡತಿ ಮಕ್ಕಳನ್ನೂ ಗುಂಡಿಟ್ಟು ಕೊಂದಿತ್ತು. ಅವನಿಗೂ ಕೆರೆಯ ಜಗಳಕ್ಕೂ ಏನು ಸಂಬಂಧ?

ಇದನ್ನೆಲ್ಲ ಓದಿದ್ದು ಮನೆಗೆ ಬಂದ ಮೇಲೆ. ಅವತ್ತು ದೋಣಿಯಲ್ಲಿ ನನಗೆ ಗೊತ್ತಿದ್ದದ್ದು ಆ 'ಟಕ್' ಶಬ್ದ ಮಾತ್ರ. ಸಂಜೆ ಹೊತ್ತಿಗೆ ಹನ್ನೊಂದು ಕ್ರಾಪಿ, ಅದರಲ್ಲಿ ನನ್ನದು ಮೂರು. ಎಂಟನೇ ಗಾಳವೂ ಮರಕ್ಕೆ ಕಚ್ಚಿತು. ಮೆಲ್ಲಗೆ ಎಳೆದೆ, ನೆಟ್ಟಗಾಗಿ ಮೇಲೆ ಬಂತು. ಹಿರಿಯರು ಮಾತಾಡದೆ ಇಕ್ಕಳ ಚಾಚಿದರು.