ಹೆಬ್ಬೆಟ್ಟು ಯಾರದು, ರುಜುವಾತು ಯಾರದು?

ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿಯಾದ ಯಾವ ದಾನಪತ್ರವನ್ನು ಬಿಡಿಸಿ ನೋಡಿದರೂ ಒಂದು ಸಾಲು ಮಾತ್ರ ತಪ್ಪದೆ ಇರುತ್ತದೆ. ಪತ್ರ ಬರೆದುಕೊಟ್ಟವರು ಯಾರ ಬಲವಂತಕ್ಕೂ ಪ್ರೇರೇಪಣೆಗೂ ಒಳಗಾಗದೆ, ಸ್ವಸ್ಥಚಿತ್ತದಿಂದ, ಸ್ವಸಂತೋಷದಿಂದ ಬರೆದುಕೊಟ್ಟಿದ್ದಾರೆ ಎಂಬುದೇ ಆ ಸಾಲು. ಪತ್ರ ಬರಹಗಾರರಿಗೆ ಅದು ಬಾಯಿಪಾಠ. ಅಕ್ಷರ ಬಾರದ ಮುದುಕಿಯ ಹೆಬ್ಬೆಟ್ಟಿನ ಗುರುತಿನ ಮೇಲೂ ಅದೇ ಸಾಲು, ವಕೀಲನ ಸಹಿಯ ಮೇಲೂ ಅದೇ ಸಾಲು.

ವ್ಯಾಜ್ಯ ನ್ಯಾಯಾಲಯದ ಮೆಟ್ಟಿಲು ಹತ್ತಿದಾಗ ಈ ಸಾಲಿಗೆ ಹೆಚ್ಚು ಬೆಲೆ ಉಳಿಯುವುದಿಲ್ಲ. ಅಲ್ಲಿ ಏಳುವ ಪ್ರಶ್ನೆಯೇ ಬೇರೆ. ತನಗೆ ಮನಸ್ಸಿರಲಿಲ್ಲ ಎಂದು ಕೊಟ್ಟವಳು ರುಜುವಾತು ಮಾಡಬೇಕೇ, ಆಕೆ ಮನಸಾರೆ ಕೊಟ್ಟಳು ಎಂದು ಪಡೆದವನು ರುಜುವಾತು ಮಾಡಬೇಕೇ? ಈ ಪ್ರಶ್ನೆಗೆ ಕಾನೂನು ಕೊಡುತ್ತಾ ಬಂದ ಉತ್ತರಕ್ಕೆ ಒಂದೂವರೆ ಶತಮಾನದ ಇತಿಹಾಸವಿದೆ. ಕರ್ನಾಟಕದ ಮಟ್ಟಿಗೆ ಆ ಇತಿಹಾಸದ ಬಹುಮುಖ್ಯ ತಿರುವು ಬಂದದ್ದು ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯಲ್ಲಿ ಹುಟ್ಟಿದ ಒಬ್ಬ ಮುಖ್ಯಮಂತ್ರಿಯ ಕಾಲದಲ್ಲಿ.

1872ರ ಸೆಪ್ಟೆಂಬರ್ 1ರಂದು ಬ್ರಿಟಿಷ್ ಭಾರತದಲ್ಲಿ ಎರಡು ಕಾಯ್ದೆಗಳು ಒಟ್ಟಿಗೆ ಜಾರಿಗೆ ಬಂದವು. ಒಂದು ಕರಾರು ಕಾಯ್ದೆ, ಇನ್ನೊಂದು ಜೇಮ್ಸ್ ಫಿಟ್ಜ್‌ಜೇಮ್ಸ್ ಸ್ಟೀಫನ್ ರೂಪಿಸಿದ ಸಾಕ್ಷ್ಯ ಕಾಯ್ದೆ. ಕರಾರು ಕಾಯ್ದೆಯ 16ನೇ ಕಲಮು ‘ಅನುಚಿತ ಪ್ರಭಾವ’ವನ್ನು ಕುರಿತದ್ದು. ಕತ್ತಿ ತೋರಿಸಿ ಸಹಿ ಹಾಕಿಸಿಕೊಂಡರೆ ಅದು ಬಲಾತ್ಕಾರ. ಸುಳ್ಳು ಹೇಳಿ ಹಾಕಿಸಿಕೊಂಡರೆ ಮೋಸ. ಅನುಚಿತ ಪ್ರಭಾವದಲ್ಲಿ ಇವೆರಡೂ ಇರಬೇಕಾಗಿಲ್ಲ. ಒಬ್ಬರ ಮನಸ್ಸಿನ ಮೇಲೆ ಇನ್ನೊಬ್ಬರಿಗೆ ಹಿಡಿತವಿದ್ದು, ಆ ಹಿಡಿತವನ್ನು ಬಳಸಿ ನ್ಯಾಯವಲ್ಲದ ಲಾಭ ಪಡೆದರೆ ಸಾಕು. ಅಧಿಕಾರದಿಂದ ಬಂದ ಹಿಡಿತವಾಗಬಹುದು, ನಂಬಿಕೆಯ ಸಂಬಂಧದಿಂದ ಬಂದದ್ದಾಗಬಹುದು, ವಯಸ್ಸು, ಕಾಯಿಲೆ, ಸಂಕಟಗಳಿಂದ ಎದುರಿನವರ ಬುದ್ಧಿ ಕುಗ್ಗಿದ್ದರಿಂದ ಬಂದದ್ದೂ ಆಗಬಹುದು.

ಇಂಥ ಪ್ರಭಾವ ನಡೆಯುವುದು ಮನೆಯೊಳಗೆ, ನಾಲ್ಕು ಗೋಡೆಗಳ ನಡುವೆ. ಸಾಕ್ಷಿಗಳಿರುವುದಿಲ್ಲ, ಇದ್ದರೂ ಅವರು ಪ್ರಭಾವ ಬೀರಿದವರ ಕಡೆಯವರೇ. ಹಾಸಿಗೆ ಹಿಡಿದ ಅಜ್ಜಿಗೆ ಊಟ, ಔಷಧಿ ಕೊಡುವವನೇ ಆಕೆಯಿಂದ ಜಮೀನು ಬರೆಸಿಕೊಂಡ ಎನ್ನೋಣ. ‘ನನ್ನ ಮನಸ್ಸು ಅಂದು ನನ್ನ ಕೈಯಲ್ಲಿರಲಿಲ್ಲ’ ಎಂಬುದನ್ನು ಆಕೆ ಯಾವ ದಾಖಲೆಯಿಂದ ತೋರಿಸಿಯಾಳು? ಆರೋಪ ಮಾಡಿದವರೇ ಅದನ್ನು ಸಾಬೀತುಪಡಿಸಬೇಕು ಎಂಬ ಸಾಮಾನ್ಯ ನಿಯಮವನ್ನು ಇಲ್ಲಿ ಅನ್ವಯಿಸಿದರೆ ದುರ್ಬಲರು ಪ್ರತಿಸಲವೂ ಸೋಲುತ್ತಾರೆ.

ಇದನ್ನು ಅರಿತೇ ಸಾಕ್ಷ್ಯ ಕಾಯ್ದೆಯ 111ನೇ ಕಲಮು ಭಾರವನ್ನು ತಿರುಗಿಸಿತು. ಒಬ್ಬರು ಇನ್ನೊಬ್ಬರನ್ನು ಪೂರ್ತಿಯಾಗಿ ನಂಬಿರುವ ಸಂಬಂಧದಲ್ಲಿ ವ್ಯವಹಾರ ನಡೆದಿದ್ದರೆ, ಅದು ಪ್ರಾಮಾಣಿಕವಾಗಿ ನಡೆಯಿತೆಂದು ತೋರಿಸಬೇಕಾದವರು ನಂಬಿಕೆ ಪಡೆದವರು. ಕಾಯ್ದೆಯೇ ಕೊಡುವ ಎರಡು ಉದಾಹರಣೆಗಳು ನೇರವಾಗಿವೆ: ಕಕ್ಷಿದಾರನ ಆಸ್ತಿ ವಕೀಲನಿಗೆ ಮಾರಾಟವಾಗಿದ್ದರೆ ವಕೀಲ ರುಜುವಾತು ಕೊಡಬೇಕು, ಆಗಷ್ಟೇ ಪ್ರಾಪ್ತ ವಯಸ್ಕನಾದ ಮಗ ತಂದೆಗೆ ಮಾರಿದ್ದರೆ ತಂದೆ ಕೊಡಬೇಕು. 2024ರ ಜುಲೈ 1ರಿಂದ ಸಾಕ್ಷ್ಯ ಕಾಯ್ದೆಯ ಜಾಗಕ್ಕೆ ಭಾರತೀಯ ಸಾಕ್ಷ್ಯ ಅಧಿನಿಯಮ ಬಂದಿದೆ. ಹಳೆಯ 111ನೇ ಕಲಮು ಅಲ್ಲಿ 114 ಆಗಿದೆ, ತಿರುಳು ಬದಲಾಗಿಲ್ಲ. ಕರಾರು ಕಾಯ್ದೆಯ 16ನೇ ಕಲಮನ್ನು 1899ರಲ್ಲಿ ತಿದ್ದಿ ಬರೆದಾಗ ಅಲ್ಲಿಯೂ ಇದೇ ತತ್ವ ಸೇರಿತು. ಹಿಡಿತವಿದ್ದವನ ವ್ಯವಹಾರ ಮೇಲ್ನೋಟಕ್ಕೇ ಅನ್ಯಾಯವೆಂದು ಕಂಡರೆ, ತಾನು ಪ್ರಭಾವ ಬೀರಲಿಲ್ಲವೆಂದು ಅವನೇ ತೋರಿಸಬೇಕು.

ನ್ಯಾಯಾಲಯಗಳಿಗೆ ಬಂದ ಪ್ರಕರಣಗಳಲ್ಲಿ ಎಲ್ಲ ಬಗೆಯ ಮನುಷ್ಯರೂ ಸಿಗುತ್ತಾರೆ. 1890ರಲ್ಲಿ ಅಲಹಾಬಾದ್ ಹೈಕೋರ್ಟಿನ ಮುಂದೆ ಬಂದವನು ಆತ್ಮೋದ್ಧಾರದ ಆಸೆಯಿಂದ ತನ್ನ ಇಡೀ ಆಸ್ತಿಯನ್ನು ಗುರುವಿಗೆ ದಾನ ಬರೆದ ವೃದ್ಧ. ದಾನ ರದ್ದಾಯಿತು. ಗೋಷಾ ಸ್ತ್ರೀಯರಿಗಾಗಿ ಪ್ರಿವಿ ಕೌನ್ಸಿಲ್ ರೂಪಿಸಿದ ರಕ್ಷಣೆ ನಿಧಾನವಾಗಿ ಅನಕ್ಷರಸ್ಥರಿಗೆ, ವೃದ್ಧರಿಗೆ ವಿಸ್ತರಿಸಿತು. ಪತ್ರವನ್ನು ಓದಿ ಹೇಳಿದರೆ ಸಾಲದು, ಅದು ಅವರಿಗೆ ಅರ್ಥವಾಗಿತ್ತೆಂದು ತೋರಿಸಬೇಕು. ನೂರು ವರ್ಷ ದಾಟಿದ, ಪಾರ್ಶ್ವವಾಯು ಬಡಿದ, ಓದು ಬಾರದ ವೃದ್ಧನೊಬ್ಬ ಬರೆದುಕೊಟ್ಟನೆನ್ನಲಾದ ಪತ್ರದ ವಿಷಯದಲ್ಲಿ 2003ರಲ್ಲಿ ಸುಪ್ರೀಂ ಕೋರ್ಟ್ ಭಾರವನ್ನು ಲಾಭ ಪಡೆದವರ ಹೆಗಲಿಗೇ ಹೊರಿಸಿತು. ಹಾಗೆಂದು ಮುದುಕರು ಬಂಧುಗಳಿಗೆ ಕೊಟ್ಟದ್ದೆಲ್ಲ ಸಂಶಯಾಸ್ಪದವೇನಲ್ಲ. ಅಜ್ಜ ಮೊಮ್ಮಗನಿಗೆ ಕೊಟ್ಟ ದಾನವೊಂದನ್ನು 1966ರಲ್ಲಿ ಪರಿಶೀಲಿಸಿದ ಸುಪ್ರೀಂ ಕೋರ್ಟ್, ಹತ್ತಿರದ ನೆಂಟಸ್ತನ ಮಾತ್ರದಿಂದಲೇ ಅನುಚಿತ ಪ್ರಭಾವವನ್ನು ಊಹಿಸಲಾಗದು ಎಂದಿತು. ಅದು ಸರಿಯಾದ ಮಾತೇ. ಇಲ್ಲವಾದರೆ ಸಾಕಿದ ಮೊಮ್ಮಗನಿಗೆ ಅಜ್ಜ ಏನನ್ನೂ ಕೊಡಲಾಗದೆ ಹೋಗುತ್ತಿತ್ತು.

ಮೈಸೂರು ರಾಜ್ಯದಿಂದ ಹೋದ ಒಂದು ಪ್ರಕರಣ ಇಂದಿಗೂ ದೇಶದ ಎಲ್ಲ ನ್ಯಾಯಾಲಯಗಳಲ್ಲಿ ಉಲ್ಲೇಖವಾಗುತ್ತದೆ. ವೆಂಕಟಾಚಲ ಅಯ್ಯಂಗಾರ್ ಮತ್ತು ತಿಮ್ಮಾಜಮ್ಮ ಪ್ರಕರಣವೆಂದು ಅದರ ಹೆಸರು. ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟದ್ದು 1958ರ ನವೆಂಬರ್‌ನಲ್ಲಿ, ಬರೆದವರು ನ್ಯಾಯಮೂರ್ತಿ ಗಜೇಂದ್ರಗಡ್ಕರ್. ವಿವಾದ ದಾನದ್ದಲ್ಲ, ಉಯಿಲಿನದು. 64 ವರ್ಷದ ಮಹಿಳೆ ಬರೆದರೆನ್ನಲಾದ ಉಯಿಲನ್ನು ಸಿದ್ಧಪಡಿಸುವುದರಲ್ಲಿ ಮುಂದಾಳಾಗಿ ನಿಂತವರೇ ಅದನ್ನು ಜಾರಿಗೊಳಿಸುವ ಹೊಣೆ ಹೊತ್ತವರು, ಆಸ್ತಿಯ ದೊಡ್ಡ ಪಾಲು ಹೋದದ್ದು ಅವರ ಮಕ್ಕಳಿಗೆ. ಕೆಳ ನ್ಯಾಯಾಲಯ ಉಯಿಲನ್ನು ಒಪ್ಪಿತ್ತು, ಮೈಸೂರು ಹೈಕೋರ್ಟ್ ತಳ್ಳಿಹಾಕಿತು, ಸುಪ್ರೀಂ ಕೋರ್ಟ್ ಹೈಕೋರ್ಟನ್ನು ಎತ್ತಿಹಿಡಿಯಿತು. ಉಯಿಲು ಬರೆದವರು ಸಾಕ್ಷಿ ಹೇಳಲು ಬರಲಾರರು; ಆದ್ದರಿಂದ ಉಯಿಲಿನ ಸುತ್ತ ಅನುಮಾನಗಳಿದ್ದರೆ ಅವನ್ನೆಲ್ಲ ನಿವಾರಿಸಿ ನ್ಯಾಯಾಲಯದ ಮನಸ್ಸಾಕ್ಷಿಗೆ ಒಪ್ಪಿಸಬೇಕಾದವರು ಅದನ್ನು ಹಿಡಿದು ಬಂದವರೇ ಎಂಬುದು ಆ ತೀರ್ಪಿನ ಸಾರ.

ಇಷ್ಟೆಲ್ಲ ರಕ್ಷಣೆಯೂ ಒಟ್ಟಿನಲ್ಲಿ ಆಸ್ತಿಯಿದ್ದವರ ಮನೆಯ ಜಗಳಗಳಿಗೆ ಒದಗಿತೇ ಹೊರತು, ಹಸಿದು ಸಾಲ ಮಾಡಿದವರ ಬಳಿಗೆ ಬರಲಿಲ್ಲ. 1924ರಲ್ಲಿ ಪ್ರಿವಿ ಕೌನ್ಸಿಲ್ ತೀರ್ಮಾನಿಸಿದ ರಘುನಾಥ ಪ್ರಸಾದ್ ಪ್ರಕರಣವನ್ನು ನೋಡಿದರೆ ಇದು ಸ್ಪಷ್ಟವಾಗುತ್ತದೆ. ತಂದೆಯೊಡನೆ ವ್ಯಾಜ್ಯಕ್ಕಿಳಿದು ಹಣದ ಅಡಚಣೆಗೆ ಸಿಕ್ಕಿದ ಮಗ, 1910ರಲ್ಲಿ ಸುಮಾರು 10 ಸಾವಿರ ರೂಪಾಯಿಯನ್ನು ಶೇಕಡಾ 24ರ ಚಕ್ರಬಡ್ಡಿಗೆ ಎತ್ತಿದ್ದ. ಹನ್ನೊಂದು ವರ್ಷಗಳಲ್ಲಿ ಸಾಲ ಹನ್ನೊಂದು ಪಟ್ಟು ಬೆಳೆದು 1 ಲಕ್ಷ 12 ಸಾವಿರ ದಾಟಿತು. ಆದರೂ ಪ್ರಿವಿ ಕೌನ್ಸಿಲ್ ಆತನ ನೆರವಿಗೆ ಬರಲಿಲ್ಲ. ಸಾಲಕೊಟ್ಟವನಿಗೆ ಮನಸ್ಸಿನ ಮೇಲೆ ಹಿಡಿತವಿತ್ತೆಂದು ಮೊದಲು ಸಾಲಗಾರ ತೋರಿಸಲಿ, ಬಡ್ಡಿಯ ಅನ್ಯಾಯ ಆಮೇಲಿನ ಮಾತು. ಗರಜಿದ್ದು ಸಾಲ ತಂದ ಮಾತ್ರಕ್ಕೆ ಹಿಡಿತವಿತ್ತೆಂದಾಗದು ಎಂದಿತು.

ಈ ಅಳತೆಗೋಲನ್ನು ಜೀತಕ್ಕೆ ಹಿಡಿದು ನೋಡಬೇಕು. ಹುಣಸೂರು, ಎಚ್.ಡಿ. ಕೋಟೆಯ ಸೀಮೆಗೆ ಜೀತ ಹೊಸತಾಗಿರಲಿಲ್ಲ. ಮದುವೆಗೋ ಕಾಯಿಲೆಗೋ ಒಡೆಯನಿಂದ ಕೆಲವು ನೂರು ರೂಪಾಯಿ ತಂದ ತಂದೆ, ಅದು ತೀರುವವರೆಗೆ ಮಗನನ್ನು ದನ ಕಾಯಲು ಬಿಡುತ್ತಿದ್ದ. ಲೆಕ್ಕದ ಪುಸ್ತಕ ಒಡೆಯನದು, ಬರವಣಿಗೆಯೂ ಅವನದು. ಸಾಲ ತೀರುತ್ತಲೇ ಇರಲಿಲ್ಲ. ತಾನು ಎಷ್ಟು ತಂದೆ, ಎಷ್ಟು ದುಡಿದೆ ಎಂಬುದಕ್ಕೆ ಆಳಿನ ಬಳಿ ಒಂದು ಚೀಟಿಯೂ ಇರದು. ಅನುಚಿತ ಪ್ರಭಾವಕ್ಕೆ ಇದಕ್ಕಿಂತ ದೊಡ್ಡ ಉದಾಹರಣೆ ಬೇಕೆ? ಆದರೆ 16ನೇ ಕಲಮಿನ ಉಪಯೋಗ ಪಡೆಯಲು ಜೀತದಾಳು ಸಿವಿಲ್ ನ್ಯಾಯಾಲಯದಲ್ಲಿ ದಾವೆ ಹೂಡಬೇಕಿತ್ತು!

1975ರ ಅಕ್ಟೋಬರ್‌ನಲ್ಲಿ, ತುರ್ತು ಪರಿಸ್ಥಿತಿಯ ನಡುವೆ, ಕೇಂದ್ರ ಸರ್ಕಾರ ಜೀತ ಪದ್ಧತಿಯನ್ನು ರದ್ದುಗೊಳಿಸುವ ಸುಗ್ರೀವಾಜ್ಞೆ ಹೊರಡಿಸಿತು. 1976ರಲ್ಲಿ ಅದು ಕಾಯ್ದೆಯಾಯಿತು. ಆಳುಗಳು ಬಿಡುಗಡೆಯಾದರು, ಸಾಲ ವಜಾ ಆಯಿತು ಎಂಬುದಷ್ಟೇ ಹೆಚ್ಚಾಗಿ ನೆನಪಿನಲ್ಲಿದೆ. ಅದರ 15ನೇ ಕಲಮನ್ನು ನೆನೆಯುವವರು ಕಡಿಮೆ. ತನ್ನದು ಜೀತದ ಸಾಲವೆಂದು ಆಳು ಹೇಳಿದರೆ ಸಾಕು. ಅಲ್ಲವೆಂದು ರುಜುವಾತು ಮಾಡುವ ಭಾರ ಸಾಲಕೊಟ್ಟವನದು. ಹಿಡಿತವಿತ್ತೆಂದು ಮೊದಲು ತೋರಿಸು ಎಂಬ 1924ರ ಷರತ್ತು ಇಲ್ಲಿ ಬಿದ್ದುಹೋಯಿತು. 1983ರ ಡಿಸೆಂಬರ್‌ನಲ್ಲಿ ಬಂಧುವಾ ಮುಕ್ತಿ ಮೋರ್ಚಾ ಪ್ರಕರಣದಲ್ಲಿ ನ್ಯಾಯಮೂರ್ತಿ ಪಿ.ಎನ್. ಭಗವತಿ ಇನ್ನೂ ಒಂದು ಹೆಜ್ಜೆ ಮುಂದಿಟ್ಟರು. ಒಬ್ಬನಿಂದ ಬಲವಂತವಾಗಿ ದುಡಿಸಲಾಗುತ್ತಿದೆ ಎಂದು ಕಂಡರೆ, ಅದರ ಹಿಂದೆ ಮುಂಗಡವೋ ಸಾಲವೋ ಇದೆಯೆಂದೇ ನ್ಯಾಯಾಲಯ ಭಾವಿಸಬೇಕು, ಅಲ್ಲವೆನ್ನುವುದು ಮಾಲೀಕನ ಕೆಲಸ ಎಂದರು.

ಆ ವರ್ಷಗಳಲ್ಲಿ ಕರ್ನಾಟಕದ ಮುಖ್ಯಮಂತ್ರಿ ಡಿ. ದೇವರಾಜ ಅರಸು. 1915ರಲ್ಲಿ ಕಲ್ಲಹಳ್ಳಿಯಲ್ಲಿ ಹುಟ್ಟಿ, ಓದು ಮುಗಿಸಿ ಊರಿಗೆ ಮರಳಿ ಬೇಸಾಯ ಮಾಡಿ, 1952ರಲ್ಲಿ ಹುಣಸೂರಿನಿಂದ ವಿಧಾನಸಭೆಗೆ ಹೋದವರು. ಮುಖ್ಯಮಂತ್ರಿಯಾದದ್ದು 1972ರ ಮಾರ್ಚ್‌ನಲ್ಲಿ. ಹಳ್ಳಿಯಲ್ಲಿ ಕಾಗದ ಯಾರ ಕೈಯಲ್ಲಿರುತ್ತದೆ ಎಂಬುದನ್ನು ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. 1976ರ ಋಣ ಪರಿಹಾರ ಕಾಯ್ದೆ ಸಣ್ಣ ರೈತರು, ಭೂರಹಿತ ಕೂಲಿಗಳು ಮತ್ತು ದುರ್ಬಲ ವರ್ಗದವರ ಸಾಲಗಳನ್ನು ವಜಾ ಮಾಡಿ, ಗಿರವಿಯಿಟ್ಟ ಒಡವೆ, ಪಾತ್ರೆಗಳನ್ನು ಹಿಂದಿರುಗಿಸಬೇಕೆಂದಿತು.

ಭೂಸುಧಾರಣೆಯ ಕಥೆ ಎಲ್ಲರಿಗೂ ಗೊತ್ತಿರುವುದೇ. ಒಂದು ಮಾತು ಮಾತ್ರ ಇಲ್ಲಿ ಹೇಳಬೇಕು. ಪಹಣಿಯಲ್ಲಿ ಬರೆದದ್ದು ಸುಳ್ಳೆಂದು ತೋರಿಸುವವರೆಗೆ ನಿಜವೆಂದೇ ಭಾವಿಸಬೇಕು ಎನ್ನುತ್ತದೆ 1964ರ ಭೂಕಂದಾಯ ಕಾಯ್ದೆ. ಪಹಣಿಯ ಸಾಗುವಳಿದಾರರ ಕಾಲಮಿನಲ್ಲಿ ಹೆಸರಿದ್ದ ಗೇಣಿದಾರನಿಗೆ ಈ ನಿಯಮ ವರವಾಯಿತು. ಬಾಯಿಮಾತಿನ ಗೇಣಿಯ ಮೇಲೆ ಉಳುತ್ತಿದ್ದು, ಕಾಲಮಿನಲ್ಲಿ ಒಡೆಯನ ಹೆಸರೇ ಇದ್ದವನಿಗೆ ಅದೇ ನಿಯಮ ಉರುಳಾಯಿತು. ರುಜುವಾತಿನ ಭಾರವೆಂಬುದು ಎಷ್ಟು ನಿರ್ದಾಕ್ಷಿಣ್ಯವಾದ ವಸ್ತು ಎಂಬುದಕ್ಕೆ ಇದೊಂದು ನಿದರ್ಶನ.

ಅರಸು ಕಾಲದ ಶಾಸನಗಳ ಪೈಕಿ ಈ ದೃಷ್ಟಿಯಿಂದ ಅತ್ಯಂತ ದಿಟ್ಟವಾದದ್ದು ಹಳ್ಳಿಗಳಲ್ಲಿ ‘ಪಿಟಿಸಿಎಲ್’ ಎಂದೇ ಹೆಸರಾದ 1978ರ ಕಾಯ್ದೆ. 1979ರ ಜನವರಿ 1ರಿಂದ ಅದು ಜಾರಿಗೆ ಬಂತು. ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ದರಖಾಸ್ತಿನಲ್ಲಿ ಕೊಟ್ಟ ಜಮೀನನ್ನು ಇಂತಿಷ್ಟು ವರ್ಷ ಮಾರಬಾರದೆಂಬ ಷರತ್ತು ಮೊದಲಿನಿಂದಲೂ ಇತ್ತು. ಆದರೂ ಸಾಗುವಳಿ ಚೀಟಿಯ ಮೇಲಿನ ಹೆಸರು ಒಬ್ಬರದು, ಉಳುವವರು ಇನ್ನೊಬ್ಬರು ಎಂಬ ಸ್ಥಿತಿ ಎಲ್ಲೆಡೆ ಇತ್ತು. ಚಿಲ್ಲರೆ ಹಣಕ್ಕೆ, ಹಳೆಯ ಸಾಲಕ್ಕೆ ಜಮೀನು ಕೈಬದಲಾಗಿತ್ತು. ಷರತ್ತು ಮೀರಿ ಆದ ಪರಭಾರೆಯೆಲ್ಲ, ಅದು ಕಾಯ್ದೆಗೆ ಮುಂಚಿನದಾದರೂ, ಅಸಿಂಧು ಎಂದಿತು ಹೊಸ ಕಾಯ್ದೆ. ಅಷ್ಟೇ ಅಲ್ಲ, ಮಂಜೂರಾದ ಜಮೀನು ಮೂಲ ಮಂಜೂರಿದಾರನ ಅಥವಾ ಆತನ ವಾರಸುದಾರನ ಹೊರತು ಬೇರೆಯವರ ಸ್ವಾಧೀನದಲ್ಲಿ ಕಂಡುಬಂದರೆ, ಅಲ್ಲವೆಂದು ರುಜುವಾತಾಗುವವರೆಗೆ, ಅದು ಅಸಿಂಧು ಪರಭಾರೆಯಿಂದಲೇ ಬಂದದ್ದೆಂದು ಭಾವಿಸತಕ್ಕದ್ದು ಎಂದಿತು. ದಲಿತ ಮಂಜೂರಿದಾರ ತನ್ನ ಅಜ್ಜ ಯಾವ ಒತ್ತಡದಲ್ಲಿ ಹೆಬ್ಬೆಟ್ಟು ಒತ್ತಿದ ಎಂದು ವಿವರಿಸಬೇಕಾಗಿಲ್ಲ. ಜಮೀನು ಹಿಡಿದವನೇ ಬಾಯಿ ಬಿಡಬೇಕು.

ಖರೀದಿದಾರರು ಸುಮ್ಮನಿರಲಿಲ್ಲ. ಮಂಚೇಗೌಡ ಪ್ರಕರಣದಲ್ಲಿ 1984ರಲ್ಲಿ ಸುಪ್ರೀಂ ಕೋರ್ಟ್ ಕಾಯ್ದೆಯನ್ನು ಎತ್ತಿಹಿಡಿಯಿತು. ಬಡತನ, ಅಜ್ಞಾನಗಳಿಂದಾಗಿ ಈ ಜನ ಉಳ್ಳವರ ಶೋಷಣೆಗೆ ಈಡಾದರು ಎಂಬುದನ್ನು ಅದು ಒಪ್ಪಿತು. ಆದರೆ ಕಾಯ್ದೆ ಬರುವ ಮುನ್ನವೇ ದೀರ್ಘಕಾಲದ ಸ್ವಾಧೀನದಿಂದ ಹಕ್ಕು ಗಟ್ಟಿಮಾಡಿಕೊಂಡವರಿಗೆ ವಿನಾಯಿತಿ ಇಟ್ಟಿತು. ಹಣ ಕೊಟ್ಟು ಕೊಂಡು ದಶಕಗಳ ಕಾಲ ಬೆವರು ಸುರಿಸಿದ ಸಣ್ಣ ರೈತನೂ ಖರೀದಿದಾರರ ಸಾಲಿನಲ್ಲಿ ಇದ್ದಾನೆ ಎಂಬುದನ್ನು ಮರೆಯಲಾಗದು. ಆತನ ಅಹವಾಲು ಸುಳ್ಳಲ್ಲ. 2017ರಲ್ಲಿ ಸುಪ್ರೀಂ ಕೋರ್ಟ್ ಜಮೀನು ಮರಳಿಸಬೇಕೆಂಬ ಅರ್ಜಿ ಸಮಂಜಸ ಕಾಲಾವಧಿಯೊಳಗೆ ಬರಬೇಕೆಂದು ಹೇಳಿದ ಮೇಲೆ, ತಡವಾಯಿತೆಂಬ ಕಾರಣಕ್ಕೇ ಅನೇಕ ಅರ್ಜಿಗಳು ಬಿದ್ದವು. ದಲಿತ ಸಂಘಟನೆಗಳ ಒತ್ತಾಯದ ಫಲವಾಗಿ 2023ರಲ್ಲಿ ಕಾಯ್ದೆಗೆ ತಿದ್ದುಪಡಿ ಬಂದು, ಇಂಥ ಅರ್ಜಿಗೆ ಕಾಲಮಿತಿಯಿಲ್ಲ ಎಂಬ ಮಾತು ಸೇರಿತು.

ಪಿಟಿಸಿಎಲ್ ಅರ್ಜಿ ಸಲ್ಲಬೇಕಾದದ್ದು ಉಪವಿಭಾಗಾಧಿಕಾರಿಗೆ. ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಎಚ್.ಡಿ. ಕೋಟೆ ಮತ್ತು ಇವುಗಳಿಂದ ಬೇರ್ಪಟ್ಟ ಹೊಸ ತಾಲ್ಲೂಕುಗಳಿಗೆ ಆ ಕಚೇರಿ ಹುಣಸೂರು. ಜೀತ ವಿಮುಕ್ತಿಗೆ ಉಪವಿಭಾಗ ಮಟ್ಟದಲ್ಲಿ ರಚಿಸುವ ಜಾಗೃತ ಸಮಿತಿಗೂ ಅವರೇ ಮುಖ್ಯಸ್ಥರು. ಮೂರನೆಯ ಬಗೆಯ ಅರ್ಜಿಯೂ ಈಗ ಅದೇ ಮೇಜಿಗೆ ಬರುತ್ತದೆ: ಮಕ್ಕಳಿಗೆ ಆಸ್ತಿ ಬರೆದುಕೊಟ್ಟು ಬೀದಿಗೆ ಬಿದ್ದ ತಂದೆತಾಯಿಗಳದು.

ನೋಂದಣಿಯಾದ ದಾನಪತ್ರವನ್ನು ಕೊಟ್ಟವರು ಮನಸ್ಸು ಬದಲಾಯಿತೆಂದು ರದ್ದು ಮಾಡುವಂತಿಲ್ಲ. 1882ರ ಸ್ವತ್ತು ವರ್ಗಾವಣೆ ಕಾಯ್ದೆ ಈ ವಿಷಯದಲ್ಲಿ ಕಟ್ಟುನಿಟ್ಟು. ಅನುಚಿತ ಪ್ರಭಾವವೆಂದು ಸಿವಿಲ್ ನ್ಯಾಯಾಲಯಕ್ಕೆ ಹೋಗಬಹುದು, ಅದಕ್ಕೂ ಮೂರು ವರ್ಷದ ಗಡುವಿದೆ. 2007ರ ಹಿರಿಯ ನಾಗರಿಕರ ಕಾಯ್ದೆಯ 23ನೇ ಕಲಮು ಹತ್ತಿರದ ದಾರಿಯೊಂದನ್ನು ತೆರೆಯಿತು. ನೋಡಿಕೊಳ್ಳಬೇಕೆಂಬ ಷರತ್ತಿನ ಮೇಲೆ ಹಿರಿಯರು ಆಸ್ತಿ ಕೊಟ್ಟಿದ್ದು, ಪಡೆದವರು ನೋಡಿಕೊಳ್ಳದಿದ್ದರೆ, ಆ ದಾನ ಮೋಸ, ಬಲಾತ್ಕಾರ ಅಥವಾ ಅನುಚಿತ ಪ್ರಭಾವದಿಂದ ಆದದ್ದೆಂದೇ ಪರಿಗಣಿಸಿ ಅದನ್ನು ರದ್ದು ಮಾಡಬಹುದು. ಪತ್ರ ಬರೆದ ದಿನ ಯಾರ ಮನಸ್ಸು ಹೇಗಿತ್ತು ಎಂಬ ವಿಚಾರಣೆಯೇ ಬೇಕಿಲ್ಲ. ಆಮೇಲೆ ಊಟ ಹಾಕಿದರೋ ಇಲ್ಲವೋ ಎಂಬುದು ಮುಖ್ಯ.

ತೊಡಕಿರುವುದು ಷರತ್ತು ಎಂಬ ಮಾತಿನಲ್ಲಿ. ಪ್ರೀತಿ ವಿಶ್ವಾಸದಿಂದ ಕೊಟ್ಟಿದ್ದೇನೆ ಎಂದು ಬರೆಯುವ ಪತ್ರ ಬರಹಗಾರರು, ನೋಡಿಕೊಳ್ಳದಿದ್ದರೆ ವಾಪಸು ಎಂದು ಬರೆಯುವ ರೂಢಿಯಿಲ್ಲ. ತಂದೆತಾಯಿಗಳೂ ಹಾಗೆ ಬರೆಸಲು ಸಂಕೋಚಪಡುತ್ತಾರೆ. ಷರತ್ತು ಇತ್ತೆಂಬುದು ರುಜುವಾತಾಗಲೇಬೇಕು ಎಂದು 2022ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿತು. 2025ರ ಜನವರಿಯಲ್ಲಿ ಊರ್ಮಿಳಾ ದೀಕ್ಷಿತ್ ಪ್ರಕರಣದಲ್ಲಿ, ಇದು ಹಿರಿಯರ ಹಿತಕ್ಕಾಗಿ ಇರುವ ಕಾಯ್ದೆಯಾದ್ದರಿಂದ ಉದಾರವಾಗಿ ಅರ್ಥೈಸಬೇಕೆಂದು ತಾಯಿ ಮಗನಿಗೆ ಕೊಟ್ಟಿದ್ದ ದಾನವನ್ನು ರದ್ದು ಮಾಡಿತು. ಆ ತಾಯಿಯ ಕೈಯಲ್ಲಿ ಮಗ ಬರೆದುಕೊಟ್ಟ ವಚನಪತ್ರವೊಂದಿತ್ತು.